‘ಇದೆಯೇ’ ಮತ್ತು ‘ಆಗಿತ್ತೇ’: ಹಿಂಪಡೆದ ಮೊಕದ್ದಮೆಯ ನಂತರದ ಒಂದು ವೀಸಾ ಅರ್ಜಿ

ಈ ಪ್ರಕರಣದ ವ್ಯಕ್ತಿಯನ್ನು ‘ಏಳನೆಯವರು’ ಎಂದು ಕರೆಯುತ್ತೇನೆ. ಆರೋಪಿಗಳ ಪಟ್ಟಿಯಲ್ಲಿ ಅವರ ಸ್ಥಾನ ಅದು. ವರ್ಷಗಟ್ಟಲೆ ನ್ಯಾಯಾಲಯದ ಬಾಗಿಲಲ್ಲಿ ಅವರಿಗಿದ್ದ ಗುರುತೂ ಅದೇ. ಹೆಸರು, ಊರು, ಕೆಲವು ತಿಂಗಳುಗಳ ಜೊತೆಗೆ ಆ ಸಂಖ್ಯೆಯನ್ನೂ ಬದಲಿಸಿದ್ದೇನೆ. ಕಾನೂನಿನ ಸಂಗತಿಗಳನ್ನಾಗಲಿ, ತೀರ್ಮಾನಗಳು ಒಂದರ ಹಿಂದೆ ಒಂದು ಬಂದ ಕ್ರಮವನ್ನಾಗಲಿ ಮುಟ್ಟಿಲ್ಲ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ನಾನು ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ವಕೀಲಿಕೆ ಮಾಡುವವನು. ಜಾಮೀನು, ಪೋಡಿ, ವಿಭಾಗದ ದಾವೆಗಳೇ ನನ್ನ ಕಸುಬು. ಕೆನಡಾದ ವಲಸೆ ಕಾನೂನು ನನ್ನದಲ್ಲ, ಅದನ್ನು ಮುಂದೆ ನಾನೇ ಒಪ್ಪಿಕೊಳ್ಳಬೇಕಾಗಿ ಬಂತು.

ಹಿನ್ನೆಲೆ

2016ರ ಸೆಪ್ಟೆಂಬರ್ 5ರಂದು ಸುಪ್ರೀಂ ಕೋರ್ಟ್, ತಮಿಳುನಾಡಿಗೆ ಹತ್ತು ದಿನಗಳ ಕಾಲ 15,000 ಕ್ಯೂಸೆಕ್‌ನಂತೆ ಕಾವೇರಿ ನೀರು ಬಿಡಬೇಕೆಂದು ಆದೇಶಿಸಿತು. ಮಂಡ್ಯ ಜಿಲ್ಲೆಯ ಆ ದಿನಗಳನ್ನು ಓದುಗರಿಗೆ ವಿವರಿಸಬೇಕಾಗಿಲ್ಲ. 9ರಂದು ಕರ್ನಾಟಕ ಬಂದ್ ನಡೆಯಿತು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಎತ್ತಿನಗಾಡಿಗಳು, ಟೈರಿನ ಹೊಗೆ, ರಸ್ತೆಯ ನಡುವೆಯೇ ಅಡುಗೆ. ಏಳನೆಯವರಿಗೆ ಆಗ ಇಪ್ಪತ್ತಮೂರು. ಡಿಪ್ಲೊಮಾ ಮುಗಿಸಿ ಮೈಸೂರಿನ ಒಂದು ಕಾರ್ಖಾನೆಗೆ ಸೇರಿದ್ದರು, ರಜೆ ಹಾಕಿ ಊರಿಗೆ ಬಂದಿದ್ದರು. ಊರಿನವರೆಲ್ಲ ಹೊರಟಾಗ ಇವರೂ ಹೊರಟರು. ಮಧ್ಯಾಹ್ನದ ಹೊತ್ತಿಗೆ ಯಾರೋ ಸಾರಿಗೆ ಬಸ್ಸಿನ ಗಾಜಿಗೆ ಕಲ್ಲು ಬೀಸಿದರು. ಪೊಲೀಸರು ಕೈಗೆ ಸಿಕ್ಕವರನ್ನು ವ್ಯಾನಿಗೆ ಹತ್ತಿಸಿದರು. ಒಂದು ರಾತ್ರಿ ಠಾಣೆ, ಮರುದಿನ ಮ್ಯಾಜಿಸ್ಟ್ರೇಟರ ಮುಂದೆ ಜಾಮೀನು.

ಭಾರತೀಯ ದಂಡ ಸಂಹಿತೆಯ 143, 147, 341, 283 ಮತ್ತು 149ನೇ ಕಲಂಗಳ (ಅಕ್ರಮ ಕೂಟ, ದೊಂಬಿ, ಅಡ್ಡಗಟ್ಟುವುದು, ರಸ್ತೆಗೆ ಅಡ್ಡಿ, ಕೂಟದ ಸಮಾನ ಉದ್ದೇಶ) ಜೊತೆಗೆ, ಆಸ್ತಿ ನಾಶ ಮತ್ತು ನಷ್ಟ ತಡೆಗೆಂದೇ ಇರುವ 1981ರ ಕರ್ನಾಟಕದ ಕಾಯ್ದೆಯನ್ನೂ ಸೇರಿಸಿದರು. ಆರೋಪಿಗಳು ಹದಿನಾಲ್ಕು ಮಂದಿ. 2018ರಲ್ಲಿ ನ್ಯಾಯಾಲಯ ದೋಷಾರೋಪಣೆ ಹೊರಿಸಿತು, ಹದಿನಾಲ್ಕೂ ಮಂದಿ ಅಪರಾಧ ಮಾಡಿಲ್ಲ ಎಂದರು. ದೋಷಾರೋಪಣೆ ಆಗಿತ್ತು ಎಂಬ ಈ ಒಣ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಏಳು ವರ್ಷಗಳ ನಂತರ ಅದಕ್ಕೊಂದು ಬೆಲೆ ಬಂತು.

ಕಾವೇರಿ, ಮಹದಾಯಿ ಹೋರಾಟಗಾರರ ಮೇಲಿನ ಮೊಕದ್ದಮೆಗಳನ್ನು ಹಿಂಪಡೆಯುವ ತೀರ್ಮಾನಗಳು ಬೇರೆಬೇರೆ ಸರ್ಕಾರಗಳ ಕಾಲದಲ್ಲಿ ಬಂದಿವೆ. ಇವರ ಮೊಕದ್ದಮೆಯೂ ಅಂಥದೊಂದು ಪಟ್ಟಿಯಲ್ಲಿ ಸೇರಿತು. ಪತ್ರಿಕೆಯಲ್ಲಿ ಸುದ್ದಿ ಬಂದ ದಿನ ಊರಿನಲ್ಲಿ ಪಟಾಕಿ ಹೊಡೆದರು. ಮುಂದಿನ ವಾಯಿದೆಗೆ ಹದಿನಾಲ್ಕರಲ್ಲಿ ಒಬ್ಬರೂ ಬರಲಿಲ್ಲ.

ಇದು ಮೊದಲ ತಪ್ಪು, ಇಂದಿಗೂ ನಾನು ವಾರಕ್ಕೊಮ್ಮೆಯಾದರೂ ಕಾಣುವ ತಪ್ಪು. ಸರ್ಕಾರ ಮೊಕದ್ದಮೆಯನ್ನು ಹಿಂಪಡೆಯುವುದಿಲ್ಲ. ಆಗ ಜಾರಿಯಲ್ಲಿದ್ದ ದಂಡ ಪ್ರಕ್ರಿಯಾ ಸಂಹಿತೆಯ 321ನೇ ಕಲಮಿನ ಪ್ರಕಾರ ಹಿಂಪಡೆಯಲು ಕೋರುವವರು ಅಭಿಯೋಜಕರು, ಅಂದರೆ ಸರ್ಕಾರಿ ವಕೀಲರು. ಒಪ್ಪಬೇಕಾದದ್ದು ನ್ಯಾಯಾಲಯ. ಸರ್ಕಾರದ ಆದೇಶ ಅಭಿಯೋಜಕರ ಮೇಜಿಗೆ ಬರುವ ಒಂದು ಕಾಗದ ಅಷ್ಟೆ. ಕೇರಳ ವಿಧಾನಸಭೆಯೊಳಗಿನ ದಾಂಧಲೆಯ ಮೊಕದ್ದಮೆಯನ್ನು ಹಿಂಪಡೆಯಲು ಅಲ್ಲಿನ ಸರ್ಕಾರ ಬಯಸಿದಾಗ 2021ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 360ನೇ ಕಲಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಂತ್ರಸ್ತರ ಮಾತು ಕೇಳದೆ ಅನುಮತಿ ಕೊಡಕೂಡದು ಎನ್ನುತ್ತದೆ.

ಸುದ್ದಿಗೂ ನ್ಯಾಯಾಲಯದ ಆದೇಶಕ್ಕೂ ನಡುವೆ ಹದಿನಾಲ್ಕು ತಿಂಗಳು ಕಳೆದವು. ಅಷ್ಟರಲ್ಲಿ ಗೈರುಹಾಜರಿಗಾಗಿ ಜಾಮೀನುರಹಿತ ವಾರಂಟ್ ಹೊರಟಿತ್ತು. ಅವರು ನನ್ನ ಬಳಿ ಮೊದಲು ಬಂದದ್ದು ಆಗಲೇ. ದಂಡ ಕಟ್ಟಿಸಿ ವಾರಂಟ್ ಹಿಂತೆಗೆಸಿದೆ. 2021ರ ಆರಂಭದಲ್ಲಿ ಆದೇಶ ಬಂತು, ಎಲ್ಲರೂ ಮನೆಗೆ ಹೋದರು. ಆದೇಶದ ದೃಢೀಕೃತ ನಕಲು ತೆಗೆದುಕೊಳ್ಳಿ ಎಂದು ನಾನು ಹೇಳಿದ್ದೆ. ಯಾರೂ ತೆಗೆದುಕೊಳ್ಳಲಿಲ್ಲ. ಒತ್ತಾಯಿಸದೆ ಬಿಟ್ಟದ್ದು ನನ್ನ ಆಲಸ್ಯ.

ಮೊದಲ ‘ಇಲ್ಲ’

2024ರಲ್ಲಿ ಪಾಸ್‌ಪೋರ್ಟಿನ ಅವಧಿ ಮುಗಿಯಿತು. ಮರುವಿತರಣೆಯ ಅರ್ಜಿಯಲ್ಲಿ, ಭಾರತದ ಯಾವುದೇ ನ್ಯಾಯಾಲಯದಲ್ಲಿ ನಿಮ್ಮ ವಿರುದ್ಧ ಕ್ರಿಮಿನಲ್ ಮೊಕದ್ದಮೆ ಬಾಕಿ ಇದೆಯೇ ಎಂಬ ಪ್ರಶ್ನೆ. ಏಳನೆಯವರು ‘ಇಲ್ಲ’ ಎಂದರು. ಅದು ಸರಿಯಾದ ಉತ್ತರ. ಪಾಸ್‌ಪೋರ್ಟ್ ಕಾಯ್ದೆಯ 6(2)(ಎಫ್) ಕಲಂ ಪಾಸ್‌ಪೋರ್ಟನ್ನು ತಡೆಯುವುದು ಮೊಕದ್ದಮೆ ಬಾಕಿ ಇದ್ದಾಗ ಮಾತ್ರ. ಹಾಗೆ ಬಾಕಿ ಇದ್ದರೂ, ನ್ಯಾಯಾಲಯದ ಅನುಮತಿ ತಂದರೆ ಪಾಸ್‌ಪೋರ್ಟ್ ಕೊಡಲು 1993ರ ಆಗಸ್ಟ್ 25ರ ಕೇಂದ್ರದ ಅಧಿಸೂಚನೆಯಲ್ಲಿ ದಾರಿ ಇದೆ.

ಆದರೆ ಠಾಣೆಯ ದಾಖಲೆಯಲ್ಲಿ ಅವರ ಮೊಕದ್ದಮೆಯ ಮುಂದೆ ‘ವಿಚಾರಣೆಯಲ್ಲಿದೆ’ ಎಂದೇ ಉಳಿದಿತ್ತು. ಪೊಲೀಸ್ ಪರಿಶೀಲನೆಯ ವರದಿ ಪ್ರತಿಕೂಲವಾಗಿ ಹೋಯಿತು. ಮಾಹಿತಿ ಮುಚ್ಚಿಟ್ಟದ್ದೇಕೆಂದು ಪಾಸ್‌ಪೋರ್ಟ್ ಕಚೇರಿಯಿಂದ ಪತ್ರ ಬಂತು. ನ್ಯಾಯಾಲಯ ಕೈಬಿಟ್ಟ ಮೊಕದ್ದಮೆ ಠಾಣೆಯ ಕಂಪ್ಯೂಟರಿನಲ್ಲಿ ಜೀವಂತವಾಗಿರುವುದು ಅಪರೂಪವೇನಲ್ಲ. ಆದೇಶ ತಾನಾಗಿಯೇ ನಡೆದುಕೊಂಡು ಠಾಣೆಗೆ ಹೋಗುವುದಿಲ್ಲ, ಯಾರಾದರೂ ಒಯ್ಯಬೇಕು.

ಆಗ ತೆಗೆದೆವು ನಕಲು. ಪ್ರಥಮ ವರ್ತಮಾನ ವರದಿ, ಆರೋಪಪಟ್ಟಿ, ದೋಷಾರೋಪಣೆ, ಅಭಿಯೋಜಕರ ಅರ್ಜಿ, ಅಂತಿಮ ಆದೇಶ, ಎಲ್ಲದರದ್ದೂ ಎರಡೆರಡು. ಇನ್ನೊಂದು ತೊಡಕು ಹೊರಬಿತ್ತು: ವರದಿಯಲ್ಲಿದ್ದದ್ದು ಮನೆಯಲ್ಲಿ ಕರೆಯುವ ಹೆಸರು, ಪಾಸ್‌ಪೋರ್ಟಿನಲ್ಲಿದ್ದದ್ದು ಶಾಲೆಯ ಹೆಸರು. ಇಬ್ಬರೂ ಒಬ್ಬರೇ ಎಂದು ಪ್ರಮಾಣಪತ್ರ (ಅಫಿಡವಿಟ್) ಮಾಡಿಸಿದೆವು. ಆರು ವಾರಗಳಲ್ಲಿ ಠಾಣೆಯ ದಾಖಲೆ ತಿದ್ದುಪಡಿಯಾಯಿತು, ಪಾಸ್‌ಪೋರ್ಟ್ ಕೈಗೆ ಬಂತು. ಈ ಗೆಲುವೇ ಮುಂದಿನ ಎಡವಟ್ಟಿಗೆ ಕಾರಣವಾದದ್ದು ವಿಚಿತ್ರ. ‘ಇಲ್ಲ’ ಎಂದು ಬರೆದದ್ದನ್ನು ಸರ್ಕಾರವೇ ಒಪ್ಪಿತಲ್ಲ, ಇನ್ನು ಎಲ್ಲಿ ಕೇಳಿದರೂ ‘ಇಲ್ಲ’ ಎಂಬ ಧೈರ್ಯ ಅವರಿಗೆ ಬಂದುಬಿಟ್ಟಿತು.

ಎರಡನೆಯ ‘ಇಲ್ಲ’

ಅವರ ತಂಗಿ ಮದುವೆಯಾಗಿ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿದ್ದಾರೆ. ಚೊಚ್ಚಲ ಹೆರಿಗೆ. ಬಾಣಂತನಕ್ಕೆ ಅವ್ವ ಹೋಗಬೇಕು. ಅವ್ವನಿಗೆ ಅರವತ್ತೆರಡು, ಬೆಂಗಳೂರನ್ನೇ ನಾಲ್ಕೈದು ಸಲ ಕಂಡವರು. ಕರೆದುಕೊಂಡು ಹೋಗಿ ಬಿಟ್ಟು, ಮೂರು ವಾರ ಇದ್ದು ಬರುವುದು ಮಗನ ಯೋಜನೆ. ತಾಯಿ ಮಗ ಇಬ್ಬರ ಸಂದರ್ಶಕ ವೀಸಾ ಅರ್ಜಿಯನ್ನು ಒಬ್ಬ ಏಜೆಂಟರಿಗೆ ಒಪ್ಪಿಸಿದರು. ತಲಾ 100 ಕೆನಡಿಯನ್ ಡಾಲರ್ ಶುಲ್ಕ, ಬೆರಳಚ್ಚಿಗೆ ಬೇರೆ, ಏಜೆಂಟರ ಸೇವೆಗೆ ಅದಕ್ಕಿಂತ ಹೆಚ್ಚು.

ಬೆರಳಚ್ಚು ಕೊಟ್ಟು ಬಂದ ವಾರ ಏಳನೆಯವರು ನನ್ನ ಕಚೇರಿಗೆ ಬಂದದ್ದು ಜಮೀನಿನ ಪೋಡಿಯ ವಿಷಯಕ್ಕೆ. ಹೊರಡುವಾಗ, ವೀಸಾ ಬಂದರೆ ಮುಂದಿನ ತಿಂಗಳು ಸಿಗುವುದಿಲ್ಲ ಎಂದರು. ಹಳೆಯ ಮೊಕದ್ದಮೆಯ ಬಗ್ಗೆ ಕೇಳಿದ್ದರೇ ಎಂದು ವಿಚಾರಿಸಿದೆ. “ಏಜೆಂಟರು ಕೇಳಿದರು ಸರ್. ವಾಪಸ್ ಆಗಿದೆ ಎಂದೆ. ಹಾಗಾದರೆ ಇಲ್ಲ ಎಂದೇ ಹಾಕೋಣ ಎಂದರು.”

ಅರ್ಜಿಯ ಪ್ರತಿ ಅವರ ಬಳಿ ಇರಲಿಲ್ಲ. ಅದನ್ನು ಏಜೆಂಟರಿಂದ ತರಿಸಿಕೊಳ್ಳಲು ನಾಲ್ಕು ದಿನ, ಮೂರು ಫೋನ್ ಬೇಕಾದವು. ತೆರೆದು ನೋಡಿದರೆ ಪ್ರಶ್ನೆಯ ಭಾವ ಹೀಗಿತ್ತು: ಯಾವುದೇ ದೇಶದಲ್ಲಿ ನೀವು ಎಂದಾದರೂ ಅಪರಾಧ ಎಸಗಿದ್ದೀರಾ, ಅದಕ್ಕಾಗಿ ಬಂಧನಕ್ಕೆ ಒಳಗಾಗಿದ್ದೀರಾ, ನಿಮ್ಮ ಮೇಲೆ ಆರೋಪ ಹೊರಿಸಲಾಗಿತ್ತೇ, ಶಿಕ್ಷೆಯಾಗಿದೆಯೇ?

ನಾಲ್ಕು ಕ್ರಿಯಾಪದಗಳು, ನಾಲ್ಕಕ್ಕೂ ಸೇರಿ ಒಂದೇ ಉತ್ತರ. ಎರಡಕ್ಕೆ ಅವರ ಉತ್ತರ ಹೌದು: ಬಂಧನ ಆಗಿತ್ತು, ಆರೋಪ ಆಗಿತ್ತು. ಪಾಸ್‌ಪೋರ್ಟ್ ಅರ್ಜಿ ಕೇಳಿದ್ದು ‘ಇದೆಯೇ’ ಎಂದು, ಇದು ಕೇಳುತ್ತಿರುವುದು ‘ಆಗಿತ್ತೇ’ ಎಂದು. ಅದೇ ಮನುಷ್ಯ, ಅದೇ ಮೊಕದ್ದಮೆ. ಒಂದು ಅರ್ಜಿಯಲ್ಲಿ ‘ಇಲ್ಲ’ ಸತ್ಯ, ಇನ್ನೊಂದರಲ್ಲಿ ‘ಇಲ್ಲ’ ಸುಳ್ಳು. ಏಜೆಂಟರಿಗೆ ಫೋನ್ ಮಾಡಿದಾಗ ಅವರು ಕೊಟ್ಟ ವಾದ, ಪೊಲೀಸ್ ಪ್ರಮಾಣಪತ್ರ ಕೇಳಿದರೆ ಸ್ವಚ್ಛವಾಗಿಯೇ ಬರುತ್ತದಲ್ಲ ಎಂಬುದು. ಬರುತ್ತದೆ, ನಿಜ. ಆದರೆ ಈಗ ನಿಮ್ಮ ಮೇಲೆ ಪ್ರತಿಕೂಲವಾದದ್ದೇನೂ ಇಲ್ಲ ಎನ್ನುವ ಕಾಗದ, ಎಂದೂ ಏನೂ ಆಗಿರಲಿಲ್ಲ ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ.

ಇದು ಕೆನಡಾ ಒಂದರ ಮಾತಲ್ಲ. ಅಮೆರಿಕದ ವೀಸಾ ಅರ್ಜಿ, ಕ್ಷಮಾದಾನ ಸಿಕ್ಕಿದ್ದರೂ ಬಂಧನ ಆಗಿತ್ತೇ ಹೇಳಿ ಎನ್ನುತ್ತದೆ. ಆಸ್ಟ್ರೇಲಿಯಾದ ಸಂದರ್ಶಕ ಅರ್ಜಿಯ ಒಂದು ಪ್ರಶ್ನೆ, ಇನ್ನೂ ಇತ್ಯರ್ಥವಾಗದ ಆರೋಪವನ್ನು ಮಾತ್ರ ಕೇಳುತ್ತದೆ. ಅಲ್ಲಿ ಏಳನೆಯವರು ‘ಇಲ್ಲ’ ಎನ್ನಬಹುದು. ಆದರೆ ಅದೇ ಪಟ್ಟಿಯಲ್ಲಿ ಬಂಧನದ ವಾರಂಟ್ ಎಂದಾದರೂ ಹೊರಟಿತ್ತೇ ಎಂಬ ಪ್ರಶ್ನೆಯೂ ಇದೆ. ಪಟಾಕಿ ಹೊಡೆದು ವಾಯಿದೆ ತಪ್ಪಿಸಿದ ಆ ಹದಿನಾಲ್ಕು ತಿಂಗಳು ಅಲ್ಲಿ ಎದ್ದು ಕೂರುತ್ತವೆ.

ಮೂರು ದಾರಿಗಳು

ಅರ್ಜಿ ಸಲ್ಲಿಕೆಯಾಗಿತ್ತು, ತೀರ್ಮಾನ ಬಂದಿರಲಿಲ್ಲ. ಇಡೀ ಪ್ರಕರಣದ ತಿರುವು ಈ ಕೆಲವು ದಿನಗಳು. ಸುಮ್ಮನಿರಬಹುದು, ಅರ್ಜಿ ಹಿಂದಕ್ಕೆ ಪಡೆಯಬಹುದು, ತಪ್ಪನ್ನು ತಾವಾಗಿಯೇ ತಿದ್ದಬಹುದು.

ಸುಮ್ಮನಿರಬೇಕು ಎಂಬುದು ಏಜೆಂಟರ ಸಲಹೆ. ಏಳನೆಯವರ ಮನಸ್ಸೂ ಮೊದಲು ಅಲ್ಲೇ ಇತ್ತು. ತಾಲ್ಲೂಕು ನ್ಯಾಯಾಲಯದ ಒಂದು ಹಳೆಯ ಕಡತ ಸಮುದ್ರದಾಚೆಗೆ ಹೇಗೆ ಗೊತ್ತಾಗುತ್ತದೆ ಎಂಬ ಪ್ರಶ್ನೆ ಅಸಹಜವೇನಲ್ಲ. ಉತ್ತರ ಅವರ ಕೈಯಲ್ಲೇ ಇತ್ತು: ಇ-ಕೋರ್ಟ್ಸ್ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೆಸರು ಹಾಕಿ ಹುಡುಕಿಸಿದೆ. ಒಂದು ನಿಮಿಷದಲ್ಲಿ ಮೊಕದ್ದಮೆಯ ಸಂಖ್ಯೆ, ವಿಲೇವಾರಿಯಾದ ದಿನಾಂಕ, ಆರೋಪಿಗಳ ಹೆಸರು ಎಲ್ಲ ಅವರ ಮೊಬೈಲಿನಲ್ಲೇ ಬಂದವು. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಅದಕ್ಕಿಂತ ಭಾರವಾದದ್ದು ಕೆನಡಾದ ವಲಸೆ ಮತ್ತು ನಿರಾಶ್ರಿತರ ರಕ್ಷಣಾ ಕಾಯ್ದೆಯ 40ನೇ ಕಲಂ. ಮುಖ್ಯವಾದ ಸಂಗತಿಯನ್ನು ನೇರವಾಗಿ ಅಥವಾ ಪರೋಕ್ಷವಾಗಿ ತಪ್ಪಾಗಿ ಹೇಳಿದರೆ ಅಥವಾ ಮುಚ್ಚಿಟ್ಟರೆ ಐದು ವರ್ಷ ಪ್ರವೇಶವಿಲ್ಲ. ಆ ತಪ್ಪಿನಿಂದ ಅಧಿಕಾರಿ ನಿಜಕ್ಕೂ ದಾರಿ ತಪ್ಪಿರಬೇಕಾಗಿಲ್ಲ, ದಾರಿ ತಪ್ಪುವ ಸಾಧ್ಯತೆ ಇದ್ದರೆ ಸಾಕು. ‘ಪರೋಕ್ಷವಾಗಿ’ ಎಂಬ ಪದದೊಳಗೆ ಏಜೆಂಟರೂ ಬರುತ್ತಾರೆ. ಅವರು ಹಾಕಿದ ಗುರುತು, ಸಹಿ ಮಾಡಿದವರ ಗುರುತು. ಅಂದರೆ ಮೊಕದ್ದಮೆ ತರಲಾರದ ಹಾನಿಯನ್ನು ಮೊಕದ್ದಮೆ ಮುಚ್ಚಿಟ್ಟದ್ದು ತರಬಲ್ಲದು.

ಹಿಂದಕ್ಕೆ ಪಡೆಯುವ ದಾರಿ ನನಗೆ ಇಷ್ಟವಾಗಿತ್ತು. ಅಂಟದ ಹಾಗೆ ಕೈತೊಳೆದುಕೊಳ್ಳುವುದು ವಕೀಲರ ಸ್ವಭಾವ. ಆದರೆ ನಾನು ಇಲ್ಲಿ ನಿಂತೆ. ಕೆನಡಾದ ವಲಸೆ ವಿಷಯದಲ್ಲಿ ಹಣ ಪಡೆದು ಸಲಹೆ ಕೊಡಲು ಅಲ್ಲಿನ ವಕೀಲರಿಗೆ, ವಕೀಲರ ಸಂಘದ ಇತರ ಸದಸ್ಯರಿಗೆ, ಪರವಾನಗಿ ಪಡೆದ ಸಲಹೆಗಾರರಿಗೆ, ಕ್ವಿಬೆಕ್‌ನ ನೋಟರಿಗಳಿಗೆ ಮಾತ್ರ ಅಧಿಕಾರವೆಂದು ಅದೇ ಕಾಯ್ದೆಯ 91ನೇ ಕಲಂ ಹೇಳುತ್ತದೆ. ನನಗಿಲ್ಲ. ಆ ಏಜೆಂಟರಿಗೂ ಇರಲಿಲ್ಲ. ಪ್ರತಿನಿಧಿಯ ಹೆಸರು ಬರೆಯುವ ನಮೂನೆಯನ್ನೇ ಸಲ್ಲಿಸದೆ, ಏಳನೆಯವರು ತಾವೇ ಕುಳಿತು ತುಂಬಿದಂತೆ ಅರ್ಜಿ ಕಳುಹಿಸಿದ್ದರು. ತಂಗಿ ಅಲ್ಲಿಯೇ ಒಬ್ಬ ವಕೀಲೆಯನ್ನು ಹುಡುಕಿದರು. ಅವರ ಅಭಿಪ್ರಾಯ ಸ್ಪಷ್ಟವಾಗಿತ್ತು: ಹಿಂದಕ್ಕೆ ಪಡೆದರೂ ಸಲ್ಲಿಸಿದ ಉತ್ತರ ದಾಖಲೆಯಲ್ಲಿ ಉಳಿಯುತ್ತದೆ, ಮುಂದೆ ‘ಹೌದು’ ಎಂದಾಗ ಹಿಂದಿನ ‘ಇಲ್ಲ’ ಏಕೆ ಎಂಬ ಪ್ರಶ್ನೆ ಏಳುತ್ತದೆ. ಅಧಿಕಾರಿ ಕಂಡುಹಿಡಿಯುವ ಮುನ್ನ ತಾವಾಗಿ ತಿದ್ದಿದರೆ ರಕ್ಷಣೆ ಖಚಿತವಲ್ಲ, ಆದರೂ ಸಿಕ್ಕಿಬಿದ್ದ ಮೇಲೆ ಹೇಳುವ ಕಾರಣಕ್ಕಿಂತ ಅದಕ್ಕೆ ತೂಕ ಹೆಚ್ಚು.

ತಿದ್ದುವುದೆಂದು ತೀರ್ಮಾನವಾಯಿತು. ಒಂದು ಅಂಜಿಕೆ ಉಳಿದಿತ್ತು: ಅವ್ವನ ಅರ್ಜಿಯೂ ಇದರ ಜೊತೆಗೇ ಇತ್ತು. ಮಗನ ತಪ್ಪಿಗೆ ಅವರದೂ ಹೋದರೆ? ಇದನ್ನು ಅವ್ವನಿಗೆ ಹೇಳಲೇಬೇಕೆಂದು ನಾನು ಪಟ್ಟು ಹಿಡಿದೆ. ಹೇಳಿದರು. ಅವ್ವ ಕೇಳಿದ್ದು ಒಂದೇ ಮಾತಂತೆ: “ಜೈಲಿಗೆ ಹೋಗಿದ್ದೇನು ಕಳ್ಳತನ ಮಾಡಿಯಾ? ಬರೆಯುವುದಕ್ಕೆ ಏನು ನಾಚಿಕೆ?”

‘ನಾವು’ ಮತ್ತು ‘ಬಿಡುಗಡೆ’

ವಿವರಣೆಯ ಪತ್ರದ ಮೊದಲ ಕರಡು ಏಳನೆಯವರದೇ, ಎರಡೂವರೆ ಪುಟ. ಕೃಷ್ಣರಾಜಸಾಗರದ ನೀರಿನ ಮಟ್ಟ, ಒಣಗಿದ ಕಬ್ಬು, ಕಾರ್ಖಾನೆಯಿಂದ ಬಾರದ ಬಾಕಿ, ಎಲ್ಲವೂ ಇತ್ತು. ಸಭೆಯಲ್ಲಿ ಓದಿದ್ದರೆ ಚಪ್ಪಾಳೆ ಬೀಳುತ್ತಿತ್ತು. ನಾನು ಅದನ್ನು ಮುಕ್ಕಾಲು ಪುಟಕ್ಕೆ ಇಳಿಸಿದೆ. ಮನಸ್ತಾಪವಾಯಿತು. ಅವರಿಗೆ ಅದು ಮೊಕದ್ದಮೆಯ ಮಾತಷ್ಟೇ ಆಗಿರಲಿಲ್ಲ, ಅಪ್ಪನ ಕೊನೆಯ ವರ್ಷಗಳ ಮಾತಾಗಿತ್ತು.

ಎರಡು ಪದಗಳ ಮೇಲೆ ಹೆಚ್ಚು ಹೊತ್ತು ಹೋಯಿತು. ಒಂದು, ‘ಸುಳ್ಳು ಮೊಕದ್ದಮೆ’. ಸುಳ್ಳು ಎಂದು ಯಾವ ನ್ಯಾಯಾಲಯವೂ ಹೇಳಿಲ್ಲ. ಹಿಂಪಡೆಯಲು ಒಪ್ಪಿದೆ, ಅಷ್ಟೆ. ಬಸ್ಸಿನ ಗಾಜು ಒಡೆದದ್ದಂತೂ ನಿಜ. ಆ ಪದ ಹೋಯಿತು.

ಇನ್ನೊಂದು, ‘ನಾವು’. “ಅಂದು ನಾವು ರಸ್ತೆ ತಡೆದೆವು, ಬಸ್ಸುಗಳನ್ನು ನಿಲ್ಲಿಸಿದೆವು” ಎಂದು ಅವರು ಬರೆದಿದ್ದರು. ಚಳವಳಿಯ ಭಾಷೆಯಲ್ಲಿ ‘ನಾವು’ ಎಂದರೆ ಊರು, ಹೋಬಳಿ, ಜಿಲ್ಲೆ. ಕಾನೂನಿನ ಕಣ್ಣಿಗೆ ಅದು ಮೊದಲು ಬರೆದವರನ್ನೇ ಹಿಡಿಯುತ್ತದೆ. ಇಲ್ಲಿ ಕೆನಡಾದ ವಕೀಲೆ ನಮಗೆ ತಿಳಿಯದ ಒಂದು ಸಂಗತಿ ಹೇಳಿದರು. ಅವರ ಕಾಯ್ದೆಯ 36(2)(ಸಿ) ಪ್ರಕಾರ ಪ್ರವೇಶ ನಿರಾಕರಿಸಲು ಶಿಕ್ಷೆ ಆಗಿರಲೇಬೇಕೆಂದಿಲ್ಲ. ಎರಡೂ ದೇಶಗಳಲ್ಲಿ ಅಪರಾಧವಾಗುವ, ಅಲ್ಲಿ ಗಂಭೀರ ವರ್ಗಕ್ಕೆ ಸೇರುವ ಕೃತ್ಯವನ್ನು ಎಸಗಿದ್ದಾರೆಂದು ನಂಬಲು ಸಕಾರಣವಿದ್ದರೆ ಸಾಕು. ಆಸ್ತಿಗೆ ಹಾನಿ ಮಾಡುವುದಷ್ಟೇ ಅಲ್ಲ, ಆಸ್ತಿಯ ನ್ಯಾಯಬದ್ಧ ಬಳಕೆಗೆ ಅಡ್ಡಿಪಡಿಸುವುದನ್ನೂ ಅಲ್ಲಿನ ದಂಡ ಸಂಹಿತೆಯ 430ನೇ ಕಲಂ ಒಂದೇ ಹೆಸರಿನ ಕೆಳಗೆ ತರುತ್ತದೆ. ಹಾಗಾಗಿ ಮೊಕದ್ದಮೆಯನ್ನು ಪ್ರಾಮಾಣಿಕವಾಗಿ ಹೇಳಹೊರಟ ಪತ್ರವೇ, ಅಜಾಗರೂಕತೆಯ ಒಂದು ವಾಕ್ಯದಿಂದ, ಮೊಕದ್ದಮೆಯಲ್ಲಿ ಎಂದೂ ರುಜುವಾತಾಗದ್ದನ್ನು ರುಜುವಾತು ಮಾಡಿಕೊಟ್ಟುಬಿಡಬಹುದು.

ಹಾಗೆಂದು ಮರೆಮಾಚುವುದೂ ಸಲ್ಲ, ಪತ್ರ ಬರೆಯುತ್ತಿರುವುದೇ ಮರೆಮಾಚಿದ್ದನ್ನು ಸರಿಪಡಿಸಲು. ನಾನು ಅವರನ್ನು ಕೂರಿಸಿಕೊಂಡು, ಸಾಕ್ಷಿಯನ್ನು ಕೇಳುವ ಹಾಗೆ ಕೇಳಿದೆ. ನೀವು ಎಲ್ಲಿದ್ದಿರಿ? ಗಾಡಿಯ ಪಕ್ಕ. ಬಸ್ಸನ್ನು ನೀವು ನಿಲ್ಲಿಸಿದಿರಾ? ನಾವು ಹೋಗುವ ಹೊತ್ತಿಗೇ ನಿಂತಿದ್ದವು. ಕಲ್ಲು ಹೊಡೆದವರನ್ನು ನೋಡಿದಿರಾ? ಇಲ್ಲ, ಸದ್ದು ಕೇಳಿತು. ಕೊನೆಗೆ ಉಳಿದ ವಾಕ್ಯಗಳು ಮೂರು. ಸಾವಿರಾರು ಜನರಿದ್ದ ಪ್ರತಿಭಟನೆಯಲ್ಲಿ ನಾನೂ ಇದ್ದೆ. ಯಾವ ವಾಹನಕ್ಕೂ ನಾನು ಹಾನಿ ಮಾಡಲಿಲ್ಲ. ಹಾನಿ ಮಾಡಿದವನೆಂದು ಯಾವ ಸಾಕ್ಷಿಯೂ ಹೇಳಿಕೆಯಲ್ಲಿ ನನ್ನನ್ನು ಹೆಸರಿಸಿಲ್ಲ. ಮೂರೂ ನಿಜ, ಮೂರನೆಯದಕ್ಕೆ ಆರೋಪಪಟ್ಟಿಯೇ ಆಧಾರ. ವೀಸಾ ಅರ್ಜಿಯ ‘ಇಲ್ಲ’ದ ಬಗ್ಗೆಯೂ ಏಜೆಂಟರನ್ನು ಬೈಯದೆ ಬರೆದೆವು: ಮೊಕದ್ದಮೆ ಮುಗಿದಿರುವುದರಿಂದ ಹೇಳಬೇಕಾಗಿಲ್ಲ ಎಂದು ತಪ್ಪಾಗಿ ತಿಳಿದೆ, ಪರವಾನಗಿ ಇಲ್ಲದವರ ನೆರವು ಪಡೆದೆ, ಪ್ರಶ್ನೆಯನ್ನು ನಾನೇ ಓದಲಿಲ್ಲ.

ಇನ್ನು ಅನುವಾದ. ಆದೇಶ ಕನ್ನಡದಲ್ಲಿತ್ತು. ನಮ್ಮ ಕೆಳ ನ್ಯಾಯಾಲಯಗಳ ಕನ್ನಡದಲ್ಲಿ ‘ಬಿಡುಗಡೆ’ ಎಂಬ ಒಂದೇ ಪದ ಮೂರಾಳಿನ ಕೆಲಸ ಮಾಡುತ್ತದೆ. ಜಾಮೀನಿನ ಮೇಲೆ ಹೊರಬಂದರೂ ಬಿಡುಗಡೆ, ದೋಷಾರೋಪಣೆಗೆ ಮುನ್ನ ಕೈಬಿಟ್ಟರೂ ಬಿಡುಗಡೆ, ಖುಲಾಸೆಯಾದರೂ ಬಿಡುಗಡೆ. ಮೊದಲ ಅನುವಾದಕರು ಇಟ್ಟ ಇಂಗ್ಲಿಷ್ ಪದವನ್ನು ಓದಿದರೆ ಈ ಮನುಷ್ಯ ಎಷ್ಟೋ ವರ್ಷ ಸೆರೆಯಲ್ಲಿದ್ದು ಹೊರಬಂದಂತಿತ್ತು. ಆದೇಶದ ಕೊನೆಯ ಸಾಲಿನಲ್ಲಿ ‘321(ಬಿ)’ ಎಂಬ ಉಲ್ಲೇಖ ಇದ್ದದ್ದು ನಮ್ಮ ಪುಣ್ಯ. ಆ ಕಲಮಿನ (ಎ) ಭಾಗ ದೋಷಾರೋಪಣೆಗೆ ಮುಂಚಿನ ಹಿಂಪಡೆತಕ್ಕೆ, ಅದರ ಫಲ ಬರೀ ಕೈಬಿಡುವಿಕೆ. (ಬಿ) ಭಾಗ ದೋಷಾರೋಪಣೆಯ ನಂತರದ್ದಕ್ಕೆ, ಅದರ ಫಲ ಖುಲಾಸೆ. 2018ರ ಆ ಒಣ ಸಂಗತಿಗೆ ಬೆಲೆ ಬಂದದ್ದು ಇಲ್ಲಿ.

ಕೆನಡಾದಲ್ಲಿ ಆರೋಪಿ ಉತ್ತರ ಹೇಳುವ ಮುನ್ನ ಸರ್ಕಾರಿ ವಕೀಲರು ನ್ಯಾಯಾಲಯದ ಅನುಮತಿಯಿಲ್ಲದೆಯೇ ಆರೋಪ ಹಿಂಪಡೆಯಬಲ್ಲರು. ಅಲ್ಲಿನ ಅಧಿಕಾರಿ ‘ಹಿಂಪಡೆಯಲಾಗಿದೆ’ ಎಂಬ ಪದವನ್ನು ಆ ಅಳತೆಯಲ್ಲೇ ಓದುವ ಸಂಭವವಿತ್ತು. ಆದ್ದರಿಂದ 321ನೇ ಕಲಮಿನ ಪಠ್ಯವನ್ನೇ ಲಗತ್ತಿಸಿ, ಇದು ನ್ಯಾಯಾಧೀಶರು ಒಪ್ಪಿ ಕೊಟ್ಟ ಖುಲಾಸೆ ಎಂದು ಎರಡು ಸಾಲು ಸೇರಿಸಿದೆವು. ಎರಡನೆಯ ಅನುವಾದಕರು ಪ್ರಮಾಣಪತ್ರದೊಡನೆ ಸಹಿ ಮಾಡಿದರು. ಎಲ್ಲವನ್ನೂ ವಲಸೆ ಇಲಾಖೆಯ ಜಾಲತಾಣದ ನಮೂನೆಯ ಮೂಲಕ ಕಳುಹಿಸಿದೆವು.

ಏನಾಯಿತು

ಐದು ವಾರಗಳ ನಂತರ ಏಳನೆಯವರಿಗೆ ಪತ್ರ ಬಂತು. ತಪ್ಪು ಉತ್ತರದ ಬಗ್ಗೆ ಅಧಿಕಾರಿಗೆ ಕಳವಳವಿದೆ, ಹದಿನೈದು ದಿನಗಳೊಳಗೆ ಪ್ರತಿಕ್ರಿಯಿಸಿ, ಪೊಲೀಸ್ ಪ್ರಮಾಣಪತ್ರ ಸಲ್ಲಿಸಿ ಎಂದಿತ್ತು. ತಾವಾಗಿ ತಿದ್ದಿದ ಮೇಲೂ ಇದೇನು ಎಂದು ಅವರು ಕುಸಿದರು. ವಕೀಲೆ ಮಾತ್ರ ಸಮಾಧಾನದಲ್ಲಿದ್ದರು. ಕೇಳದೆ ನಿಷೇಧಿಸುವುದಕ್ಕಿಂತ ಕೇಳುವುದು ಒಳ್ಳೆಯದು, ಉತ್ತರವಂತೂ ಆಗಲೇ ಸಿದ್ಧವಿದೆ. ಹಿಂದಿನ ವರ್ಷ ಠಾಣೆಯ ದಾಖಲೆ ತಿದ್ದಿಸಿದ್ದರಿಂದ ಪ್ರಮಾಣಪತ್ರ ಒಂಬತ್ತು ದಿನಗಳಲ್ಲಿ ಬಂತು. ಆ ಜಗಳವನ್ನು ಮೊದಲೇ ಆಡಿರದಿದ್ದರೆ ಹದಿನೈದು ದಿನ ಎಲ್ಲಿಗೂ ಸಾಲುತ್ತಿರಲಿಲ್ಲ.

ಅವ್ವನ ವೀಸಾ ಮೊದಲು ಬಂತು. ಮಗನದು ತಿರಸ್ಕೃತವಾಯಿತು.

ತಿರಸ್ಕಾರದ ಪತ್ರವನ್ನು ನಾವು ನಾಲ್ಕು ಸಲ ಓದಿದೆವು. 40ನೇ ಕಲಮಿನ ಹೆಸರಿರಲಿಲ್ಲ, 36ರದೂ ಇರಲಿಲ್ಲ. ಅನುಮತಿಸಿದ ಅವಧಿ ಮುಗಿದ ಮೇಲೆ ಮರಳುತ್ತಾರೆಂಬ ಖಾತರಿ ಇಲ್ಲ ಎಂಬ, ನಿಯಮಾವಳಿಯ 179(ಬಿ)ಯ ಮಾಮೂಲಿ ಕಾರಣ. ಇದು ಸೋಲೋ ಗೆಲುವೋ ಎಂದು ಏಳನೆಯವರು ಕೇಳಿದರು. ಐದು ವರ್ಷದ ಬಾಗಿಲು ಮುಚ್ಚಿಲ್ಲ, ಇವತ್ತಿನ ಬಾಗಿಲು ಮುಚ್ಚಿದೆ ಎಂದೆ. ಅವರಿಗೆ ಸಮಾಧಾನವಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಹೆರಿಗೆಗೆ ಉಳಿದಿದ್ದದ್ದು ಹನ್ನೊಂದು ದಿನ.

ಅವ್ವ ಒಬ್ಬರೇ ಹೋದರು. ಗಾಲಿಕುರ್ಚಿಯ ಸೌಲಭ್ಯ ಕೇಳಿ ಪಡೆದು, ಕುತ್ತಿಗೆಗೆ ಇಂಗ್ಲಿಷಿನಲ್ಲಿ ಬರೆದ ಚೀಟಿ ತೂಗುಹಾಕಿಕೊಂಡು, ವಿಮಾನ ಬದಲಿಸುವ ಕಡೆ ಕನ್ನಡ ಬಲ್ಲ ಒಂದು ಸಂಸಾರದ ಬೆನ್ನು ಹಿಡಿದು. ಪೆಟ್ಟಿಗೆಯಲ್ಲಿ ಬಾಣಂತಿಯ ಲೇಹ್ಯವೂ ಅಂಟಿನುಂಡೆಯೂ ಇದ್ದವು. ತಿನ್ನುವ ಪದಾರ್ಥ ತಂದಿದ್ದೀರಾ ಎಂಬ ಪ್ರಶ್ನೆಗೆ ‘ಹೌದು’ ಎಂದೇ ಹೇಳಬೇಕೆಂದು ಮಗ ಹತ್ತು ಸಲ ಹೇಳಿ ಕಳುಹಿಸಿದ್ದರು.

ಎರಡನೆಯ ಅರ್ಜಿ ಹಾಕಿದ್ದು ಏಳು ತಿಂಗಳ ನಂತರ, ಅವ್ವ ಅವಧಿಯೊಳಗೆ ಮರಳಿದ ಮೇಲೆ. ಈ ಸಲ ಏಳನೆಯವರೇ ಕುಳಿತು ತುಂಬಿದರು, ಅಲ್ಲಿನ ವಕೀಲೆ ಪರಿಶೀಲಿಸಿದರು, ಪ್ರತಿನಿಧಿಯ ನಮೂನೆಯಲ್ಲಿ ಅವರ ಹೆಸರು ಹೋಯಿತು. ಅಪರಾಧದ ಪ್ರಶ್ನೆಗೆ ‘ಹೌದು’. ಹಿಂದೆ ವೀಸಾ ತಿರಸ್ಕೃತವಾಗಿತ್ತೇ ಎಂಬುದಕ್ಕೂ ‘ಹೌದು’. ಅದೇ ಮುಕ್ಕಾಲು ಪುಟ, ಅದೇ ಕಡತ. ಜೊತೆಗೆ ಕಾರ್ಖಾನೆಯ ರಜೆಯ ಪತ್ರ, ಜಮೀನಿನ ಪಹಣಿ, ಪೋಡಿಯಾದ ನಕ್ಷೆ. ಎಂಟು ವಾರಗಳಲ್ಲಿ ವೀಸಾ ಬಂತು. ಮೊದಲ ಸಲವೇ ಹೀಗೆ ಮಾಡಿದ್ದರೆ ಬರುತ್ತಿತ್ತೇ? ಹಾಗೆನ್ನಲು ನನ್ನಲ್ಲಿ ಆಧಾರವಿಲ್ಲ. 179(ಬಿ)ಯ ತಿರಸ್ಕಾರ, ಮೊಕದ್ದಮೆಯ ಮುಖವನ್ನೇ ನೋಡದವರಿಗೂ ಬರುತ್ತದೆ. ನಾನು ಹೇಳಬಲ್ಲದ್ದು ಇಷ್ಟು: ಎರಡನೆಯ ಸಲ ಅವರು ಯಾವ ಪ್ರಶ್ನೆಗೂ ಹೆದರಬೇಕಾಗಿರಲಿಲ್ಲ.

ಬಾಣಂತನಕ್ಕೆ ಹೋಗಲಾಗದವರು ಮಗುವಿನ ಕಿವಿ ಚುಚ್ಚಿಸುವ ಹೊತ್ತಿಗೆ ತಲುಪಿದರು, ಸೋದರಮಾವನ ತೊಡೆ ಬೇಕಿತ್ತಲ್ಲ. ಅಲ್ಲಿನ ವಿಮಾನ ನಿಲ್ದಾಣದ ಅಧಿಕಾರಿ ಮೊಕದ್ದಮೆಯ ಬಗ್ಗೆ ಏನೂ ಕೇಳಲಿಲ್ಲವಂತೆ. ಆದೇಶದ ದೃಢೀಕೃತ ನಕಲು, ಅನುವಾದ, ಪ್ರಮಾಣಪತ್ರ ಮೂರೂ ಇದ್ದ ಪ್ಲಾಸ್ಟಿಕ್ ಕಡತ ಕೈಚೀಲದಲ್ಲೇ ಉಳಿಯಿತು.

ಉಳಿದ ಹದಿಮೂರು ಮಂದಿಯಲ್ಲಿ ಪಾಸ್‌ಪೋರ್ಟ್ ಇರುವವರು ಐವರು. ನ್ಯಾಯಾಲಯದ ದಾಖಲೆ ಕೊಠಡಿ ಹಳೆಯ ಕಡತಗಳನ್ನು ನಿಗದಿತ ಅವಧಿಯ ನಂತರ ನಾಶಪಡಿಸುತ್ತದೆ ಎಂದು ಎಲ್ಲರಿಗೂ ಹೇಳಿ ಕಳುಹಿಸಿದ್ದೇನೆ. ಈವರೆಗೆ ನಕಲು ಅರ್ಜಿ ಹಾಕಿದವರು ಇಬ್ಬರು.